ಕೆಂಪು ಟ್ಯಾಂಕು

ಬೆಳಿಗ್ಗೆ ಹನ್ನೊಂದೂಕಾಲಿಗೆ ಬೆಟ್ಟದೂರು ಕರಕೋಲ್‌ನ ತನ್ನ ಗ್ಯಾರೇಜಿನಲ್ಲಿ ತಿಲೆಕ್ ಗಾಡಿಯ ಮೇಲಿನ ಬಟ್ಟೆ ಸರಿಸಿದ. ಊರವರೆಲ್ಲ 'ಅಪಾ', ಅಂದರೆ ಅಮ್ಮ, ಎಂದು ಕರೆಯುವ ಮುದುಕಿ ಅಜಾರ್ ದುರಸ್ತಿಗೆ ಕೊಟ್ಟಿದ್ದ 1954ರ ಮೋಟಾರ್‌ಸೈಕಲ್ಲಿಗೆ 1978ರ ಮಾದರಿಯ ಪೆಟ್ರೋಲ್ ಟ್ಯಾಂಕು, ಮಡ್‌ಗಾರ್ಡು ಕೂರಿಸಿ ಎಲ್ಲಕ್ಕೂ ಕೆಂಪು ಬಳಿದಿದ್ದ. ಬಿಚ್ಚಿದ ಕಪ್ಪು ಟ್ಯಾಂಕು ಮೂಲೆಯಲ್ಲಿತ್ತು. ಅದನ್ನು ಹಳೇ ಸಾಮಾನು ಸಂಗ್ರಹಿಸುವವನೊಬ್ಬನಿಗೆ ಮಾರುವುದಾಗಿ ಅವನು ಆಗಲೇ ಮಾತು ಕೊಟ್ಟಾಗಿತ್ತು.

"ನನ್ ಟ್ಯಾಂಕ್ ಯಾಕೋ ಬಿಚ್ಚಿದೆ?" ಗಾಡಿ ಒಯ್ಯಲು ಬಂದಿದ್ದ ಅಜಾರ್ ಕೇಳಿದಳು.

"ಆ ನೆಗ್ಗಿದ ಡಬ್ಬಾನಾ ಅಪಾ? ಕುರಿಗೆ ನೀರಿಡೋಕೂ ಲಾಯಕ್ಕಿಲ್ಲ. ಬಿಟ್ಟೋಗಿ, ಗುಜರಿಗೆ ಹಾಕ್ತೀನಿ. ಇದನ್ನ ನೋಡಿ, ಮದುಮಗಳ ಥರ ಇದೆ! ನಿಮಗೆ ಇವೆಲ್ಲ ತಿಳಿಯಲ್ಲ ಬಿಡಿ."

ಅಜಾರ್ ಇಪ್ಪತ್ತಾರು ವರ್ಷ ಅದೇ ಗಾಡಿಯಲ್ಲಿ ಬೆಟ್ಟದ ಹಳ್ಳಿಗಳಿಗೆ ಟಪಾಲು ಹಂಚಿದವಳು. ವಾದಕ್ಕೆ ಇಳಿಯಲಿಲ್ಲ. "ಗಾಡಿ ಹತ್ತು ಉಸ್ತಾದ್. ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೋ," ಎಂದಳು. ತಿಲೆಕ್ ನಗುತ್ತಾ ಹತ್ತಿ ಕೂತ. ಆಕೆ ಮುಂದಿನ ಚಕ್ರವನ್ನು ಬೂಟುಗಾಲಿನಿಂದ ಒಮ್ಮೆಲೇ ಎಡಕ್ಕೆ ಒತ್ತಿದಳು. ಹಳೆಯದಕ್ಕಿಂತ ಅಗಲವಾಗಿದ್ದ ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಅವನ ಎಡಗೈ ಹೆಬ್ಬೆರಳು ಸಿಕ್ಕಿಕೊಂಡಿತು.

"ಅಯ್ಯಯ್ಯೋ, ಬಿಡಿ ಅಪಾ!"

"ಇಲ್ಲಿ ಬೆರಳಷ್ಟೇ ಹೋಗತ್ತೆ. ಘಾಟಿ ತಿರುವಲ್ಲಿ ಆಗಿದ್ರೆ ನಾನೇ ಕಣಿವೇಲಿ ಇರ್ತಿದ್ದೆ. ಬಣ್ಣ ಬಳಿಯೋಕ್ ಮುಂಚೆ ಒಂದ್ಸಲ ಹ್ಯಾಂಡಲ್ ತಿರುಗಿಸಿ ನೋಡ್ಬೇಕು ಅಂತ ಯಾರೂ ಹೇಳ್ಕೊಡ್ಲಿಲ್ವೇನೋ ನಿಂಗೆ? ಸ್ಪ್ಯಾನರ್ ಕೊಡು."

ತಿಲೆಕ್ ಬಲಗೈ ಚಾಚಿ ಸ್ಪ್ಯಾನರ್ ಕೊಟ್ಟ. ಆಮೇಲೆ ಆಕೆ ಕಾಲು ತೆಗೆದಳು.

ಕಪ್ಪು ಟ್ಯಾಂಕನ್ನು ಮತ್ತೆ ಕೂರಿಸಲು ಅಜಾರ್‌ಗೆ ನಲವತ್ತು ನಿಮಿಷ ಹಿಡಿಯಿತು.