ಒಂದು ಸಾಲಿನ ಪ್ರತಿಜ್ಞೆ

ಕೆಲಸದ ಸುಧಾರಣೆಗೆ ಸಲಹೆ ಬರೆದು ಹಾಕಿ, ಹೆಸರು ಬೇಡ ಎಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ಇಟ್ಟಿದ್ದರು.

ಮರುವಾರ ಮ್ಯಾನೇಜರು ಒಂದು ಚೀಟಿಯನ್ನು ಎಲ್ಲರೆದುರು ಓದಿದರು: "ಕೆಲಸ ಬೇಗ ಆಗಲೆಂದು ಪ್ರೆಸ್ ಮಷಿನ್ನಿಗೆ ಕೈ ಸಿಕ್ಕದಂತೆ ಹಾಕಿದ್ದ ಗಾರ್ಡ್ ಬಿಚ್ಚಿಸಿದ್ದೀರಿ. ಸುರಕ್ಷತೆ ಕಾನೂನು ಇದನ್ನು ಒಪ್ಪುವುದಿಲ್ಲ."

ಆಮೇಲೆ ಕನ್ನಡಕ ತೆಗೆದು, "ಬರೆದೋರು ಯಾರೋ, ನನ್ನ ಕಣ್ಣು ತೆರೆಸಿದ್ರಿ. ಈಗ ಎಲ್ರೂ ಒಂದೊಂದು ಹಾಳೆ ತಗೊಂಡು, ಸುರಕ್ಷತೆಯೇ ಮೊದಲು ಅಂತ ಬರೆದು ಸಹಿ ಮಾಡಿ" ಎಂದರು.

ಚಂದ್ರಕಲಾ ನೆಮ್ಮದಿಯಿಂದ ಬರೆದಳು. "ಸಾಹೇಬ್ರು ದೊಡ್ಡ ಮನುಷ್ಯರು ಕಣೇ" ಎಂದು ಪಕ್ಕದವಳಿಗೆ ಹೇಳಿದಳು.

ಸಂಜೆ ಅವಳೊಬ್ಬಳಿಗೇ ಕರೆ ಬಂತು. ಮ್ಯಾನೇಜರ ಮೇಜಿನ ಮೇಲೆ ಅವಳ ಹಾಳೆಯೂ ಆ ಚೀಟಿಯೂ ಜೊತೆಯಲ್ಲಿದ್ದವು.

"ಎರಡರಲ್ಲೂ ಶಂಕರನ ಶ ಹಾಕಿ 'ಸುರಕ್ಶತೆ' ಅಂತ ಬರೆದಿದ್ದೀರಿ," ಎಂದರು ಅವರು. "ಇನ್ನೂರು ಜನದಲ್ಲಿ ಈ ತಪ್ಪು ಮಾಡಿದೋರು ನೀವೊಬ್ರೇ. ಐಡಿ ಕಾರ್ಡ್ ಇಲ್ಲಿಟ್ಟು ಹೋಗಿ."