ಹೆಬ್ಬೆರಳಿನ ಗುಳಿ

ಅಗಸೆ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನ್ನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ಹರಿಹರದಲ್ಲಿ ಅಪ್ಪನ ಮರಗೆಲಸದ ಅಂಗಡಿ ಇತ್ತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋಗಿ ಅಂಗಡಿಯಲ್ಲಿ ನಾನೊಬ್ಬಳೇ ಇದ್ದಾಗ ಭಾನುವಳ್ಳಿಯ ಅಜ್ಜಿಯೊಬ್ಬರು ಬಂದು, ಸೆರಗಿನೊಳಗಿಂದ ಮರದ ಹಿಡಿಕೆಯೊಂದನ್ನು ತೆಗೆದರು. ತೀರಿಕೊಂಡ ಅವರ ಯಜಮಾನರು ಗುರಿ ಸ್ಪರ್ಧೆಯಲ್ಲಿ ಹಿಡಿಯುತ್ತಿದ್ದ ಹಳೇ ಪಿಸ್ತೂಲಿನ ಅಸಲಿ ಹಿಡಿಕೆ ಅದು. ಕಳೆದೇಹೋಯಿತು ಅಂದುಕೊಂಡದ್ದು ಬೀಜದ ಡಬ್ಬಿಯಲ್ಲಿ ಸಿಕ್ಕಿತ್ತಂತೆ. ಉದ್ದಕ್ಕೂ ಬಿರುಕು ಬಿಟ್ಟಿತ್ತು. ಒಂದು ಬದಿಯಲ್ಲಿ ಯಜಮಾನರ ಹೆಬ್ಬೆರಳು ಕೂತು ಕೂತು ಸವೆದ ಗುಳಿ.

“ಬಿರುಕು ಅಷ್ಟೇ ಮುಚ್ಚಲಿ. ಈ ಗುಳಿ ಮುಟ್ಟಬ್ಯಾಡ ಅಂತ ನಿಮ್ಮಪ್ಪಗೆ ಹೇಳವ್ವ,” ಎಂದು ನನ್ನ ಹೆಬ್ಬೆರಳನ್ನು ಅದರೊಳಗೆ ಇಟ್ಟು ತೋರಿಸಿದರು. ನುಣ್ಣಗೆ, ತಣ್ಣಗಿತ್ತು.

ಅಪ್ಪ ಬಂದಾಗ, “ಬಿರುಕು ಮುಚ್ಚಬೇಕಂತೆ” ಎಂದಷ್ಟೇ ಕೂಗಿ ಕುಂಟೆಬಿಲ್ಲೆ ಆಡಲು ಓಡಿದೆ.

ಎಂಟು ದಿನ ಬಿಟ್ಟು ಅಜ್ಜಿ ಬಂದರು. ಅಪ್ಪ ಬಿರುಕಿನ ಜೊತೆ ಗುಳಿಯನ್ನೂ ತುಂಬಿ, ಉಜ್ಜಿ ಸಮ ಮಾಡಿ, ಅಗಸೆ ಎಣ್ಣೆ ಕುಡಿಸಿ ಇಟ್ಟಿದ್ದರು.

“ನೋಡ್ರಿ, ಹೊಸದರಂಗೆ ಆಗೈತೆ!”

ಅಜ್ಜಿಯ ಹೆಬ್ಬೆರಳು ಮರದ ಮೇಲೆ ಹುಡುಕಿತು. ಮತ್ತೆ ಹುಡುಕಿತು. ಆಮೇಲೆ ಅವರು ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ.

“ಭಾಳ ಚೆಂದ ಆಗೈತ್ರಿ,” ಎಂದರು ಅಪ್ಪನಿಗೆ. “ನಿಮ್ಮ ಮಗಳು ನಾ ಹೇಳಿದ್ದು ಒಂದೂ ಬಿಡದಂಗೆ ಹೇಳ್ಯಾಳೆ.”