ಕಣ್ಣು ತೆರೆದ ಫೋಟೋ

"ನಮ್ಮ ಮನಿಯವ್ರದು ಕಣ್ಣು ತೆರದಿದ್ದು ಒಂದು ಫೋಟೋ ಬೇಕಪ್ಪ," ಎಂದಳು ಹಂಪಮ್ಮ, ಸ್ಟುಡಿಯೋದ ಸ್ಟೂಲಿನ ಅಂಚಿಗೆ ಕುಳಿತು. "ತೀರಿಕೊಂಡ ಮ್ಯಾಲೆ ಕುಂದ್ರಿಸಿ ತೆಗೆಸಿದ್ದು ಐತಿ, ಅದರಾಗ ಕಣ್ಣು ಮುಚ್ಯಾವ. ಆಧಾರ್ ಕಾರ್ಡಿಂದು ದೊಡ್ಡದು ಮಾಡಿಸಿದ್ವಿ, ಯಾರೋ ಬ್ಯಾರೇವ್ರು ಆಗ್ಯಾರ. ನಾಡಿದ್ದು ಅವ್ರ ಶಿವಗಣಾರಾಧನಿ, ಪೂಜಿಗೆ ಫೋಟೋ ಇಡಬೇಕು. ನೀನು ರೆಸಾರ್ಟಿನ್ಯಾಗ ಎರಡು ದಿನ ಅವ್ರದು ತಗದೀಯಲ್ಲ, ಅದರಾಗಿಂದು ಒಂದು ಕೊಡು."

ಸಿದ್ದಲಿಂಗ ಖುಷಿಯಿಂದಲೇ ಕಂಪ್ಯೂಟರ್ ಚಾಲೂ ಮಾಡಿದ. ಕೂಡ್ಲಿಗಿಯಲ್ಲಿ ಮದುವೆ, ಸೀಮಂತದ ಫೋಟೋ ತೆಗೆಯುತ್ತಿದ್ದವನಿಗೆ ಕರಡಿ ಗುಡ್ಡದ ಪಕ್ಕದ ಸಫಾರಿ ರೆಸಾರ್ಟಿನ ಜಾಹೀರಾತಿನ ಕೆಲಸ ಸಿಕ್ಕಿದ್ದು ಹೋದ ತಿಂಗಳು. ಹಂಪಮ್ಮನ ಗಂಡ ಹಾಲೇಶಪ್ಪ ಅಲ್ಲಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಅತಿಥಿಗಳಿಗೆ ಕರಡಿ ತೋರಿಸುತ್ತಿದ್ದವನು. ಅವನಿಲ್ಲದೆ ಗುಡ್ಡದ ಒಂದು ಫೋಟೋ ಕೂಡ ಆಗಿರಲಿಲ್ಲ. ಸಾವಿರದ ಮೇಲೆ ಇದ್ದವು. ಮುದುಕಿಗೆ ಬೇಕಾದದ್ದು ಒಂದು. ಸಿಗದೆ ಎಲ್ಲಿ ಹೋಗುತ್ತದೆ?

ಮೊದಲನೆಯದರಲ್ಲಿ ದುರ್ಬೀನು ಹಿಡಿದ ಗಂಡಹೆಂಡತಿ ನಗುತ್ತಿದ್ದರು. ಅವರ ಮುಂದೆ ಹಾಲೇಶಪ್ಪನ ತಲೆಯ ರುಮಾಲು. ಎರಡನೆಯದರಲ್ಲಿ ಕರಡಿಯತ್ತ ಚಾಚಿದ ಅವನ ಕೈ. ಇನ್ನೊಂದರಲ್ಲಿ ಟೀ ತಟ್ಟೆ ಹಿಡಿದು ಬಗ್ಗಿದ್ದಾನೆ, ಮುಖ ಮಸುಕು, ಹಿಂದಿನ ಈಜುಕೊಳ ಮಾತ್ರ ಕಣ್ಣು ಕುಕ್ಕುವಷ್ಟು ನೀಲಿ. ವಿಡಿಯೋದಲ್ಲೂ ಬೆನ್ನೇ. ಹಂಪಮ್ಮ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡುತ್ತಿದ್ದಳು. ಸಿದ್ದಲಿಂಗ ಮೌಸ್ ಒತ್ತುವುದು ನಿಧಾನವಾಯಿತು.

"ನಿನ್ನ ಕಡಿ ಒಮ್ಮಿನೂ ನೋಡಲಿಲ್ಲೇನಪ್ಪ ಅವ್ರು?"

ನೋಡಿದ್ದ. ಅದೇ ತಾಪತ್ರಯವಾಗಿತ್ತು. ಫೋಟೋ ಎಂದರೆ ಕ್ಯಾಮೆರಾ ಕಡೆ ನೋಡಬೇಕು ಎಂದು ತಿಳಿದ ಮನುಷ್ಯ. ಕ್ಯಾಮೆರಾ ಎತ್ತಿದಾಗೆಲ್ಲ ಕರಡಿಯನ್ನೂ ಅತಿಥಿಯನ್ನೂ ಬಿಟ್ಟು, ಕೈ ಕೆಳಗಿಳಿಸಿ, ಎದೆ ಸೆಟೆಸಿ ನೆಟ್ಟಗೆ ನಿಂತುಬಿಡುತ್ತಿದ್ದ. ಕೆಲಸದವರು ಕ್ಯಾಮೆರಾ ನೋಡಿದರೆ ಕಾಡು ಕಾಡಿನಂತೆ ಕಾಣುವುದಿಲ್ಲವಂತೆ, ಮ್ಯಾನೇಜರು ತಾಕೀತು ಮಾಡಿದ್ದ. "ಅಜ್ಜಾ, ಈ ಕಡಿ ನೋಡಬ್ಯಾಡ್ರಿ, ಕರಡಿ ನೋಡ್ರಿ," ಎಂದು ಸಿದ್ದಲಿಂಗ ಹೇಳಿ ಹೇಳಿ ಸುಸ್ತಾಗಿದ್ದ. ಸಂಜೆ ಕ್ಯಾಮೆರಾದ ಕಾರ್ಡು ತುಂಬಿದಾಗ ಕೆಟ್ಟವನ್ನೆಲ್ಲ ಹುಡುಕಿ ಅಳಿಸಿದ್ದ. ಹಾಲೇಶಪ್ಪನ ಮುಖ ಬಂದದ್ದೆಲ್ಲ ಕೆಟ್ಟದ್ದೇ. ಆಮೇಲೆ ಅದೇ ಕಾರ್ಡಿನಲ್ಲಿ ನಾಲ್ಕು ಮದುವೆ ತೆಗೆದಾಗಿತ್ತು, ಅಳಿಸಿದ್ದು ಇನ್ನು ಮರಳಿ ಸಿಗುವಂತಿರಲಿಲ್ಲ.

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ನೋಡಿದ್ರಮ್ಮ. ಹಂಗ ನೋಡಿದ್ದನ್ನೆಲ್ಲ ನಾನ ಅಳಿಸಿಬಿಟ್ಟೆ. ರೆಸಾರ್ಟಿನವ್ರಿಗೆ ಬ್ಯಾಡಾಗಿದ್ವು. ತಪ್ಪಾತು."

ಹಂಪಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಅವತ್ತು ಗಡ್ಡ ಮಾಡಿಸ್ಕೊಂಡು ಹೋಗಿದ್ರು," ಎಂದಳು. "ಮನಿಗೆ ಬಂದು, ನಂದು ಭಾಳ ಫೋಟೋ ತಗದ್ರು, ಇನ್ನ ಫೋಟೋದ ಚಿಂತಿಲ್ಲ ಅಂದಿದ್ರು."

ಕೊನೆಗೆ ಅವಳೇ ಒಂದನ್ನು ಆರಿಸಿದಳು. ಬಂಡೆಯ ಮೇಲೆ ನಿಂತು ಗುಡ್ಡದ ಕಡೆ ಕೈ ಮಾಡಿದ ಹಾಲೇಶಪ್ಪನ ಬೆನ್ನು. "ನಿಂತ ರೀತಿಯಾದ್ರೂ ಅವ್ರಂಗ ಐತಿ," ಎಂದಳು. ಸಿದ್ದಲಿಂಗ ಅದನ್ನು ದೊಡ್ಡದು ಮಾಡಿ, ಅಂಗಡಿಯಲ್ಲಿದ್ದ ಒಳ್ಳೆಯ ಫ್ರೇಮು ಹಾಕಿ, ಎರಡೂ ಕೈಯಿಂದ ಕೊಟ್ಟ.

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದಳು. ಒರೆಸುತ್ತಿದ್ದ ಕೈ ರುಮಾಲಿನ ಹತ್ತಿರ ಬಂದು ನಿಂತಿತು.

"ದಿನಾ ಹಣಿಗೆ ವಿಭೂತಿ ಹಚ್ಚಬೇಕಲ್ಲಪ್ಪ," ಎಂದಳು. "ಇದಕ್ಕ ಎಲ್ಲಿ ಹಚ್ಚಲಿ?"